ಓಟು ನಿಮ್ಮದು, ಮಾತು ಕೊಟ್ಟವರು ಯಾರು?

ಸಕಲೇಶಪುರ ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ. ಊರಿನ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವವರು ಅವರು. ಗ್ರಾಮ ಪಂಚಾಯಿತಿಯಲ್ಲಿ ಅವರ ವಾರ್ಡಿಗೆ ಇರುವುದೊಂದೇ ಸ್ಥಾನ, ಈ ಸಲ ಸಾಮಾನ್ಯ. ಕಣದಲ್ಲಿ ಇಬ್ಬರು. ಒಬ್ಬರು ಹಿಂದೆ ಸದಸ್ಯರಾಗಿದ್ದ ಗಂಡಸು. ಬೋರ್‌ವೆಲ್ ಮೋಟಾರ್ ಸುಟ್ಟರೆ ಎರಡು ದಿನದೊಳಗೆ ರಿಪೇರಿ ಮಾಡಿಸುತ್ತಿದ್ದರು, ದುಡ್ಡು ತಿಂದರೆಂಬ ಮಾತಿಲ್ಲ. ಇನ್ನೊಬ್ಬರು ಇದೇ ಸಂಘದ ಹೆಂಗಸು, ಮೊದಲ ಸಲ ನಿಂತವರು. ಹಾಸನದಲ್ಲಿ ಬಿ.ಎ. ಓದುವ ಮಗಳು, "ಇಷ್ಟು ವರ್ಷ ಹೆಣ್ಣುಮಕ್ಕಳ ಪರ ಮಾತಾಡಿ, ಈಗ ಗಂಡಸಿಗೆ ಓಟು ಹಾಕ್ತೀಯಾ ಅಮ್ಮ?" ಎಂದಿದ್ದಾಳೆ. "ಹೆಣ್ಣು ಎಂಬ ಒಂದೇ ಕಾರಣಕ್ಕೆ ಓಟು ಹಾಕುವುದು ಸರಿಯೇ? ಹಾಕದಿದ್ದರೆ ನಾನು ದ್ರೋಹ ಮಾಡಿದಂತೆಯೇ?" ಇದು ಅವರ ಪ್ರಶ್ನೆ.

ಅಮ್ಮಾ, ಪತ್ರದ ಕೊನೆಯಲ್ಲಿ, ಬೇರೇನೋ ಹೇಳುವಾಗ ಸೇರಿಸಿದ ಹಾಗೆ ಮೂರು ಸಾಲು ಬರೆದಿದ್ದೀರಿ. "ಆಕೆಯ ಯಜಮಾನರು ಮನೆಗೆ ಬಂದು ನಮ್ಮ ಯಜಮಾನರ ಹತ್ತಿರ ಮಾತಾಡಿದರು. ಇವರು ಮನೆಯ ನಾಲ್ಕೂ ಓಟು ನಿಮಗೇ ಅಂದಿದ್ದಾರೆ. ಆಕೆ ಜೀಪಿನಲ್ಲೇ ಕೂತಿದ್ದರು."

ನಿಮ್ಮ ಪ್ರಶ್ನೆಗಿಂತ ಈ ಮೂರು ಸಾಲು ನನ್ನನ್ನು ಹೆಚ್ಚು ಕಾಡಿತು. ಹೆಣ್ಣಿಗಾಗಿ ಓಟು ಕೇಳಿದ್ದು ಒಬ್ಬ ಗಂಡಸು, ಹೆಣ್ಣಿನ ಓಟು ಕೊಟ್ಟದ್ದು ಇನ್ನೊಬ್ಬ ಗಂಡಸು. ನಿಂತವಳೂ ಮಾತಾಡಲಿಲ್ಲ, ಓಟು ಹಾಕಬೇಕಾದವಳೂ ಮಾತಾಡಲಿಲ್ಲ. ಆ ನಾಲ್ಕು ಓಟಿನಲ್ಲಿ ನಿಮ್ಮ ಮಗಳದ್ದೂ ಒಂದಿರಬೇಕು. ನಿಮ್ಮನ್ನು ಪ್ರಶ್ನಿಸುವ ಮೊದಲು ಅವಳು ಅದನ್ನು ಅಪ್ಪನ ಹತ್ತಿರ ಕೇಳಲಿ.

ದ್ರೋಹದ ಮಾತನ್ನು ಮೊದಲು ಮುಗಿಸೋಣ. ಪಕ್ಕದ ಚಿಕ್ಕಮಗಳೂರಿನಲ್ಲಿ 1978ರ ಲೋಕಸಭಾ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿ ನಿಂತು ಗೆದ್ದರು. ತುರ್ತು ಪರಿಸ್ಥಿತಿಯನ್ನು ಮರೆಯಲಾರದೆ ಎದುರಾಳಿ ವೀರೇಂದ್ರ ಪಾಟೀಲರಿಗೆ ಓಟು ಹಾಕಿದ ಹೆಂಗಸನ್ನು ಸ್ತ್ರೀದ್ರೋಹಿ ಎನ್ನಲು ಬರುತ್ತದೆಯೇ? ಬರುವುದಿಲ್ಲ. ನಿಮಗೂ ಅಷ್ಟೇ.

ಹಾಗೆಂದು ಹೆಣ್ಣೋ ಗಂಡೋ ಎಂಬುದು ಲೆಕ್ಕಕ್ಕೇ ಇಲ್ಲ ಎಂದರೆ ಒಪ್ಪಲಾರೆ. ಸಂಶೋಧಕರಾದ ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ 2004ರಲ್ಲಿ ಪ್ರಕಟಿಸಿದ ಅಧ್ಯಯನ ಪಂಚಾಯಿತಿಗಳದ್ದೇ. ಪಶ್ಚಿಮ ಬಂಗಾಳ ಮತ್ತು ರಾಜಸ್ಥಾನದಲ್ಲಿ ಅಧ್ಯಕ್ಷಗಿರಿ ಹೆಂಗಸರಿಗೆ ಮೀಸಲಾದ ಪಂಚಾಯಿತಿಗಳನ್ನೂ ಆಗದವನ್ನೂ ಹೋಲಿಸಿ ನೋಡಿದರು. ಮೀಸಲಾದ ಕಡೆ ಕುಡಿಯುವ ನೀರಿನ ಕೆಲಸ ಹೆಚ್ಚಾಗಿತ್ತು, ಏಕೆಂದರೆ ಎರಡೂ ರಾಜ್ಯಗಳಲ್ಲಿ ಹೆಂಗಸರ ದೊಡ್ಡ ದೂರು ನೀರಿನದೇ. ಹಾಗೆ ಬಂದ ಅಧ್ಯಕ್ಷೆಯರು ಗಂಡಸರಿಗಿಂತ ಕಡಿಮೆ ಓದಿದವರು, ಅನುಭವವೂ ಕಡಿಮೆ. ಆದರೂ ಹಣ ಹೋಗಬೇಕಾದಲ್ಲಿಗೆ ಹೋಯಿತು. ಆದ್ದರಿಂದ "ಆಕೆಗೆ ಏನೂ ಗೊತ್ತಿಲ್ಲ" ಎಂಬುದನ್ನು ಆಕೆಯ ವಿರುದ್ಧದ ಕಾರಣವಾಗಿ ಹಿಡಿಯಬೇಡಿ. ನಿಮ್ಮ ಸಂಘವನ್ನೇ ನೋಡಿ. 2000ದಲ್ಲಿ ಸ್ತ್ರೀಶಕ್ತಿ ಯೋಜನೆ ಶುರುವಾದಾಗ ಮಹಿಳಾ ಮತ್ತು ಮಕ್ಕಳ ಇಲಾಖೆ ಸಚಿವೆಯಾಗಿದ್ದ ಮೂಡಿಗೆರೆಯ ಮೋಟಮ್ಮನವರ ಕೈಯಲ್ಲಿತ್ತು. ಕುರ್ಚಿಯಲ್ಲಿ ಯಾರು ಕೂರುತ್ತಾರೆ ಎಂಬುದರಿಂದ ವ್ಯತ್ಯಾಸವಾಗುತ್ತದೆ, ಆದರೆ ಅವರೇ ಕೂತಿರಬೇಕು.

ಇನ್ನೊಂದು ಮಾತು. ಸಾಮಾನ್ಯ ಸ್ಥಾನವೆಂದರೆ ಗಂಡಸರಿಗೆ ಮೀಸಲಾದದ್ದಲ್ಲ. ಕರ್ನಾಟಕದ ಪಂಚಾಯಿತಿಗಳಲ್ಲಿ ಹೆಂಗಸರಿಗೆ ಅರ್ಧದಷ್ಟು ಸ್ಥಾನ ಮೀಸಲಾದ ಮೇಲೆ, ಉಳಿದರ್ಧ ತಮ್ಮದೆಂದು ಊರೂರಲ್ಲಿ ಗಂಡಸರು ನಂಬಿದ್ದಾರೆ. ಅಲ್ಲಿ ಒಬ್ಬ ಹೆಂಗಸು ಅರ್ಜಿ ಹಾಕಿದ್ದಕ್ಕೆ ಬೆಲೆಯಿದೆ. ಆ ಬೆಲೆಯನ್ನು ಕಳೆಯುತ್ತಿರುವವರು ಆಕೆಯ ಯಜಮಾನರು, ನನ್ನ ಸಿಟ್ಟೆಲ್ಲ ಅವರ ಮೇಲೆ. ಓಟು ಕೇಳುವಾಗಲೇ ಹೆಂಡತಿಯನ್ನು ಜೀಪಿನಲ್ಲಿ ಕೂರಿಸಿದವರು, ಗೆದ್ದ ಮೇಲೆ ಸಭೆಯಲ್ಲಿ ಕೂರಲು ಬಿಡುತ್ತಾರೆಯೇ? ಮುಂದೇನಾಗುತ್ತದೆ ಎಂಬುದು ಎಷ್ಟೋ ಊರಿಗೆ ಗೊತ್ತು. ನಡಾವಳಿ ಪುಸ್ತಕ ಮನೆಗೆ ಬರುತ್ತದೆ, ಒಲೆಯ ಮುಂದಿದ್ದವಳು ಕೈ ಒರೆಸಿಕೊಂಡು ಸಹಿ ಹಾಕುತ್ತಾಳೆ, ಯಾವ ಕೆಲಸಕ್ಕೆ ಎಷ್ಟು ಬಿಲ್ಲು ಎಂಬುದು ಅವಳಿಗೆ ತಿಳಿಯುವುದೇ ಇಲ್ಲ. ತನಿಖೆ ಬಂದರೆ ಉತ್ತರ ಕೊಡಬೇಕಾದವಳು ಅವಳು, ಗಂಡನ ಹೆಸರು ಕಾಗದದಲ್ಲಿ ಎಲ್ಲಿಯೂ ಇರುವುದಿಲ್ಲ.

ಮಾಜಿ ಸದಸ್ಯರ ವಿಷಯ. ಮೋಟಾರ್ ರಿಪೇರಿ ಮಾಡಿಸಿದ್ದು ಒಳ್ಳೆಯದೇ, ಆದರೆ ಅದು ಉಪಕಾರವಲ್ಲ. ಕೇಂದ್ರದಿಂದ ಪಂಚಾಯಿತಿಗಳಿಗೆ ಬರುವ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ. 60ರಷ್ಟನ್ನು ನೀರು ಮತ್ತು ನೈರ್ಮಲ್ಯಕ್ಕೆಂದೇ ಕಟ್ಟಿಟ್ಟಿದ್ದರು. ಅವರಿದ್ದಾಗ ವಾರ್ಡ್ ಸಭೆಗೆ ಹೆಂಗಸರು ಬರುತ್ತಿದ್ದರೇ ಎಂದು ನೆನಪು ಮಾಡಿಕೊಳ್ಳಿ. ಹಾಜರಾತಿಯಲ್ಲಿ ಶೇ. 30 ಹೆಂಗಸರಿರಬೇಕೆಂದು ನಿಯಮವಿದೆ. ಕೋರಂ, ಅಂದರೆ ಸಭೆಗೆ ಬೇಕಾದಷ್ಟು ಹಾಜರಾತಿ, ತುಂಬದಿದ್ದಾಗ ಪುಸ್ತಕ ಹಿಡಿದು ಮನೆಮನೆಗೆ ಹೋಗಿ ಸಹಿ ಮಾಡಿಸುವುದೂ ನಡೆಯುತ್ತದೆ. ನೀವೂ ಹಾಗೆ ಸಹಿ ಹಾಕಿದ್ದರೆ, ಅವರ ಒಳ್ಳೆಯತನದ ಲೆಕ್ಕದಲ್ಲಿ ಅದನ್ನೂ ಸೇರಿಸಿ.

ಈಗ ಮಾಡಬೇಕಾದ್ದು ಒಂದೇ. ಆಕೆಯನ್ನು ಒಬ್ಬರನ್ನೇ ಕೂರಿಸಿಕೊಂಡು ಮಾತಾಡಿ. ನಿಮ್ಮ ಸಂಘದ ವಾರದ ಸಭೆಗಿಂತ ಒಳ್ಳೆಯ ಜಾಗವಿಲ್ಲ, ಅಲ್ಲಿಗೆ ಯಜಮಾನರು ಯಾರೂ ಬರುವುದಿಲ್ಲ. ಹೋಗುವ ಮೊದಲು ಪಂಚಾಯಿತಿ ಕಚೇರಿಯಲ್ಲಿ ಪಿಡಿಓ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಕಳೆದ ವರ್ಷದ ಕ್ರಿಯಾ ಯೋಜನೆ ಕೇಳಿ, ನಿಮ್ಮ ವಾರ್ಡಿನ ಕಾಮಗಾರಿಗಳನ್ನು ಒಂದು ಹಾಳೆಗೆ ಬರೆದುಕೊಳ್ಳಿ. ಹಾಳೆಯನ್ನು ಆಕೆಯ ಕೈಗೆ ಕೊಟ್ಟು, "ಇದರಲ್ಲಿ ಯಾವುದು ಆಗಿದೆ, ಯಾವುದು ಆಗಿಲ್ಲ, ಮೊದಲು ನೀನು ಯಾವುದನ್ನು ಹಿಡೀತೀಯ?" ಎಂದು ಕೇಳಿ. ಬೇಕಾದರೆ ಒಂದು ವಾರ ಸಮಯ ಕೊಡಿ. ಕಾಲೊನಿಯ ಪೈಪು, ಅಂಗನವಾಡಿಯ ಶೌಚಾಲಯ, ಬೀದಿದೀಪ, ಯಾವುದನ್ನೇ ಹೇಳಲಿ, ತಡವರಿಸಿಯಾದರೂ ಆಕೆಯೇ ಹೇಳಿದರೆ ನಿಮ್ಮ ಓಟು ಆಕೆಗೆ. ಆ ಗಂಡಸಿಗಿಂತ ಸ್ವಲ್ಪ ಕಡಿಮೆ ಅನಿಸಿದರೂ ಆಕೆಗೇ ಹಾಕಿ, ಮೊದಲ ಆರು ತಿಂಗಳು ಸಭೆಗೆ ಜೊತೆಯಲ್ಲಿ ಹೋಗಿ ಬಾಗಿಲ ಹೊರಗಾದರೂ ಕೂತಿರಿ. "ನಮ್ಮನೆಯವರನ್ನ ಕೇಳಿ ಹೇಳ್ತೀನಿ" ಎಂದರೆ ಇನ್ನೊಮ್ಮೆ ಕೇಳಿ. ಆಗಲೂ ಅದೇ ಉತ್ತರ ಬಂದರೆ, ಯಾವ ಅಳುಕೂ ಇಲ್ಲದೆ ಮಾಜಿ ಸದಸ್ಯರಿಗೆ ಹಾಕಿ.

ನಿಮ್ಮ ಯಜಮಾನರ ಜೊತೆ ಜಗಳ ಬೇಡ. ಅವರು ತಮ್ಮ ಒಂದು ಓಟಿನ ಮಾತು ಉಳಿಸಿಕೊಳ್ಳಲಿ. ಮತಪತ್ರ ಕೈಗೆ ಬಂದಾಗ ಮುದ್ರೆ ಒಂದೇ ಚಿಹ್ನೆಯ ಮನೆಯೊಳಗೆ ಪೂರ್ತಿ ಬೀಳಲಿ. ಎರಡು ಮನೆಗಳ ನಡುವಿನ ಗೆರೆಯ ಮೇಲೆ ಬಿದ್ದು ಯಾರಿಗೆಂದು ತಿಳಿಯದಿದ್ದರೆ ಓಟು ತಿರಸ್ಕಾರವಾಗುತ್ತದೆ, ಹೆಬ್ಬೆಟ್ಟು ಒತ್ತಿದರೂ ಹೆಸರು ಬರೆದರೂ ಹಾಗೆಯೇ. ಶಾಯಿ ಒಣಗಿದ ಮೇಲೆ ಮಡಿಸಿ ಪೆಟ್ಟಿಗೆಗೆ ಹಾಕಿ. ಯಾರಿಗೆ ಹಾಕಿದಿರಿ ಎಂದು ಯಾರಿಗೂ ಹೇಳಬೇಕಾಗಿಲ್ಲ. ಫೋಟೋ ತೆಗೆದು ತೋರಿಸು ಎಂದು ಯಾರಾದರೂ ಒತ್ತಾಯಿಸಿದರೆ, ಮತಗಟ್ಟೆಯೊಳಗೆ ಮೊಬೈಲ್ ಒಯ್ಯುವಂತಿಲ್ಲ ಎನ್ನಿ.