ತಾಳೆಮರ ಕಡಿಸಿದರೆ ಶಾಗಸ್ ರೋಗ ತಪ್ಪುವುದೇ? – ಪ್ರತಿಕ್ರಿಯೆ

ಪನಾಮಾದಲ್ಲಿ ಮನೆಯ ಸುತ್ತಲಿನ ಕಾಡುತಾಳೆಗಳನ್ನೆಲ್ಲ ಕಡಿಸಿದರೆ, ರಕ್ತ ಹೀರುವ ಕೀಟದಿಂದ ಹರಡುವ ಶಾಗಸ್ ರೋಗದ ಭಯ ಇಲ್ಲವಾಗುವುದೇ ಎಂದು ತಾವು ಕೇಳಿದ್ದೀರಿ. ಗೋಡೆಗೆ ತಾಗಿದ ಮರದ ಬಗ್ಗೆ ಯೋಚಿಸಬಹುದು. ಎಲ್ಲವನ್ನೂ ಕಡಿಸುವುದನ್ನು ನಾನು ಒಪ್ಪಲಾರೆ.

ಅಲ್ಲಿನ ಮುಖ್ಯ ರೋಗವಾಹಕವು ರೋಡ್ನಿಯಸ್ ಪ್ಯಾಲೆಸೆನ್ಸ್ ಎಂಬ, ರಕ್ತ ಹೀರುವ ತಿಗಣೆ ಜಾತಿಯ ಕೀಟ. ಅಟ್ಟಾಲಿಯಾ ಬ್ಯುಟಿರೇಸಿಯಾ ಎಂಬ ತಾಳೆಯ ನೆತ್ತಿಯಲ್ಲಿ, ಗರಿಗಳ ಬುಡದ ಸಂದುಗಳಲ್ಲಿ, ಒಣಗಿದ ಕಸ, ನಾರು, ಹಕ್ಕಿಗೂಡುಗಳೆಲ್ಲ ಸೇರಿ ತೇವವೂ ಉಷ್ಣತೆಯೂ ಹೆಚ್ಚು ಏರುಪೇರಾಗದ ನೆಲೆಯೊಂದು ಏರ್ಪಡುವುದರಿಂದ, ಈ ಕೀಟ ಅಲ್ಲಿಯೇ ಮೊಟ್ಟೆಯಿಟ್ಟು, ಮರಿಗಳು 5 ಹಂತಗಳನ್ನು ದಾಟಿ ಬೆಳೆಯುತ್ತವೆ. ಅದೇ ಮರವೇರುವ ಒಪೊಸಮ್ ಎಂಬ ಹೊಟ್ಟೆಚೀಲದ ಪ್ರಾಣಿಯು ಟ್ರಿಪನೊಸೋಮಾ ಕ್ರೂಜಿ ಎಂಬ, ರೋಗಕಾರಕ ಪರೋಪಜೀವಿಗೆ ದೊಡ್ಡ ಆಶ್ರಯ. ಹಕ್ಕಿಗಳಾದರೋ ಕೀಟಕ್ಕೆ ರಕ್ತ ಒದಗಿಸಿದರೂ ತಾವು ಸೋಂಕಿಗೆ ಒಳಗಾಗುವುದಿಲ್ಲ. ಈ ವ್ಯತ್ಯಾಸ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ.

ಮನೆಯೊಳಗೆ ಬರುವುದು ಹೆಚ್ಚಾಗಿ ದೀಪದ ಬೆಳಕಿಗೆ ಹಾರಿಬರುವ, ರೆಕ್ಕೆ ಬಲಿತ ಕೀಟ. ಸೋಂಕು ತಗಲುವುದು ಕಡಿತದಿಂದಲ್ಲ, ಅದರ ಮಲವು ಗಾಯಕ್ಕೋ ಕಣ್ಣಿಗೋ ಸೇರುವುದರಿಂದ. ಬ್ರೆಜಿಲ್‌ನ ಅಮೆಜಾನ್ ಪ್ರದೇಶದಲ್ಲಿ ಅಸಾಯಿ ಎಂಬ ತಾಳೆಜಾತಿಯ ಹಣ್ಣಿನೊಡನೆ ಕೀಟವೂ ಅರೆದುಹೋಗಿ, ಹಸಿ ರಸದ ಮೂಲಕ ರೋಗ ಹರಡಿದ್ದುಂಟು.

ಮರ ಉರುಳಿದಾಗ ನೆಲೆ ತಪ್ಪಿದ ಕೀಟಗಳು ಮನೆಯತ್ತಲೇ ಬರಬಹುದು. ಕಿಟಕಿಗಳಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿಸಿ, ಹೊರಗಿನ ದೀಪಗಳನ್ನು ತಗ್ಗಿಸಿ, ಸೊಳ್ಳೆಪರದೆಯೊಳಗೆ ಮಲಗಿ, ಹತ್ತಿರದ ತಾಳೆಗಳ ನೆತ್ತಿಯ ಒಣಗರಿ ಮತ್ತು ಕಸವನ್ನು ಕೈಗವಸು ತೊಟ್ಟವರಿಂದ ಆಗಾಗ ತೆಗೆಸಿ. ಕೀಟ ಕಂಡರೆ ಬರಿಗೈಯಲ್ಲಿ ಹೊಸಕಬೇಡಿ; ಡಬ್ಬಿಯಲ್ಲಿ ಹಿಡಿದು ಆರೋಗ್ಯ ಕೇಂದ್ರಕ್ಕೆ ಒಪ್ಪಿಸಿ.