‘ಆದರೆ’ ಪದದ ಮೊದಲು ಅಲ್ಪವಿರಾಮ ಬೇಕೇ?

ನಾಲ್ಕನೇ ತರಗತಿಯ ಮಗುವಿಗೆ ‘ಆದರೆ’, ‘ಆದ್ದರಿಂದ’ ಬಳಸಿ ವಾಕ್ಯ ಜೋಡಿಸುವಾಗ ಅಲ್ಪವಿರಾಮ ಎಲ್ಲಿ ಹಾಕಬೇಕೆಂದು ಹೇಗೆ ಹೇಳಿಕೊಡುವುದು ಎಂದು ಕೇಳಿದ್ದೀರಿ.

ಮೊದಲು ಕ್ರಿಯಾಪದಗಳನ್ನು ಮಗುವೇ ಹುಡುಕಲಿ. ‘ಮಳೆ ಬಂತು. ಕೆರೆ ತುಂಬಲಿಲ್ಲ.’ ಬಂತು, ತುಂಬಲಿಲ್ಲ: ಎರಡು ಕಡೆಯೂ ಮಾತು ಪೂರ್ತಿಯಾಗಿದೆ. ಮೊದಲನೆಯ ಪೂರ್ಣವಿರಾಮ ಅಳಿಸಿ, ಆ ಜಾಗದಲ್ಲಿ ಅಲ್ಪವಿರಾಮ ಹಾಕಿ, ಆಮೇಲೆ ಕೊಂಡಿಯ ಪದ ಬರೆಯಿಸಿ: ‘ಮಳೆ ಬಂತು, ಆದರೆ ಕೆರೆ ತುಂಬಲಿಲ್ಲ.’ ವ್ಯಾಕರಣದಲ್ಲಿ ಇದಕ್ಕೆ ಸಂಯೋಜಿತ ವಾಕ್ಯ ಎನ್ನುತ್ತಾರೆ. ಕೆಲವು ಪುಸ್ತಕಗಳಲ್ಲಿ ಇದೇ ಜಾಗದಲ್ಲಿ ಅರ್ಧವಿರಾಮ ಕಾಣಿಸುತ್ತದೆ. ಅದೂ ಸರಿಯೇ, ಆದರೆ ಚಿಕ್ಕವರಿಗೆ ಆ ಗೊಂದಲ ಈಗಲೇ ಬೇಡ.

ನಿಜವಾದ ತೊಡಕು ‘ಆದರೆ’ ಪದದಲ್ಲೇ ಇದೆ. ‘ಜೋರು ಮಳೆ ಆದರೆ ಆಟವಿಲ್ಲ’ ಎಂಬಲ್ಲಿ ಅದು ಕೊಂಡಿಯೇ ಅಲ್ಲ, ‘ಆಗು’ ಧಾತುವಿನ ರೂಪ. ಅಲ್ಲಿ ಅಲ್ಪವಿರಾಮ ಹಾಕಿದರೆ ಅರ್ಥ ಕೆಡುತ್ತದೆ. ಪರೀಕ್ಷೆ ಸುಲಭ: ‘ಆದರೆ’ ತೆಗೆದು ‘ಆಗಿಬಿಟ್ಟರೆ’ ಎಂದು ಓದಿಸಿ. ಹೊಂದಿಕೊಂಡರೆ ಅಲ್ಪವಿರಾಮ ಬೇಡ. ‘ಮಳೆ ಬಂತು ಆಗಿಬಿಟ್ಟರೆ ಕೆರೆ ತುಂಬಲಿಲ್ಲ’ ಎಂದು ಓದಿದ ಮಗು ನಗದೆ ಇರುವುದಿಲ್ಲ, ನಿಯಮವನ್ನೂ ಮರೆಯುವುದಿಲ್ಲ.

‘ಆದ್ದರಿಂದ’ ಪದಕ್ಕೆ ಈ ತಾಪತ್ರಯವಿಲ್ಲ: ‘ಜ್ವರ ಬಂದಿತ್ತು, ಆದ್ದರಿಂದ ಶಾಲೆಗೆ ಹೋಗಲಿಲ್ಲ.’

‘ಮತ್ತು’ ಎರಡು ಹೆಸರುಗಳ ನಡುವೆ ಬಂದರೆ ಅಲ್ಪವಿರಾಮ ಬೇಕಿಲ್ಲ: ‘ಬೆಲ್ಲ ಮತ್ತು ಕಾಯಿ’. ಎರಡು ಕೆಲಸಗಳನ್ನು ಜೋಡಿಸಲು ನಾನಂತೂ ಅದನ್ನು ಬಳಸುವುದೇ ಇಲ್ಲ. ‘ಅಜ್ಜಿ ದೋಸೆ ಹೊಯ್ದರು ಮತ್ತು ಚಟ್ನಿ ಬಡಿಸಿದರು’ ಎನ್ನುವುದು ಅನುವಾದದಂತೆ ಕೇಳಿಸುತ್ತದೆ. ‘ಅಜ್ಜಿ ದೋಸೆ ಹೊಯ್ದು ಚಟ್ನಿ ಬಡಿಸಿದರು’ ಎಂದರೆ ಕೊಂಡಿಯೂ ಬೇಡ, ಅಲ್ಪವಿರಾಮವೂ ಬೇಡ.