ಓದುಗರ ಪ್ರಶ್ನೆ: ಕಂಪ್ಯೂಟರ್ ಪಾಠ ಮತ್ತು ಮಕ್ಕಳ ತಪ್ಪು

ಪ್ರಶ್ನೆ: ಆರನೇ ತರಗತಿಗೆ ದಶಮಾಂಶ ಹೋಲಿಕೆಯ ಪಾಠವನ್ನು ಮೂಡಲ್ ಎಂಬ ಆನ್‌ಲೈನ್ ಕಲಿಕೆಯ ತಂತ್ರಾಂಶದಲ್ಲಿ ಮಾಡಿದ್ದೇನೆ. ತಪ್ಪಿದವರಿಗೆ ಅದೇ ಪ್ರಶ್ನೆ ಮತ್ತೆ ಬರುತ್ತದೆ, ಆಗ ಎಲ್ಲರೂ ಪಾಸು. ಪರೀಕ್ಷೆಯಲ್ಲಿ ಮಾತ್ರ ಹಳೆಯ ತಪ್ಪೇ. ಏನು ಮಾಡಲಿ?
– ಶಿಕ್ಷಕಿ, ತುಮಕೂರು

ಉತ್ತರ: ಎರಡೇ ಆಯ್ಕೆ ಇದ್ದಾಗ ಒಂದು ತಪ್ಪಾದರೆ ಇನ್ನೊಂದನ್ನು ಒತ್ತಿದರಾಯಿತು. ಮೂಡಲ್‌ನಲ್ಲಿ ಪಾಠ ಕಟ್ಟುವ 'ಲೆಸನ್'ನಲ್ಲಿ ಮೊದಲ ಉತ್ತರಕ್ಕೆ 'ಮುಂದಿನ ಪುಟ', ಉಳಿದವಕ್ಕೆ 'ಇದೇ ಪುಟ' ಎಂದು ತಾನಾಗಿಯೇ ಇರುತ್ತದೆ. ಮೊದಲು ಅದನ್ನು ಬದಲಿಸಿ, ತಪ್ಪು ಉತ್ತರಕ್ಕೆ ಬೇರೆಯದೇ ಪುಟ ಕೊಡಿ.

ಆದರೆ ನಿಜವಾದ ಕೆಲಸ ಪ್ರಶ್ನೆಯ ಆಯ್ಕೆಯಲ್ಲಿದೆ. 0.35, 0.8 – ಯಾವುದು ದೊಡ್ಡದು? 0.35 ಎಂದ ಮಗು 35 ಮತ್ತು 8 ಎಂದು ಓದಿಕೊಂಡಿದೆ. ಹಾಗೆಂದು 0.8 ಎಂದವರಿಗೆಲ್ಲ ವಿಷಯ ಗೊತ್ತಾಗಿದೆ ಎನ್ನುವಂತಿಲ್ಲ. ನೂರನೆಯ ಭಾಗ ಹತ್ತನೆಯ ಭಾಗಕ್ಕಿಂತ ಚಿಕ್ಕದಲ್ಲವೇ, ಹಾಗಾಗಿ ಬಿಂದುವಿನ ಮುಂದೆ ಅಂಕಿ ಹೆಚ್ಚಿದ್ದರೆ ಸಂಖ್ಯೆ ಚಿಕ್ಕದು ಎಂದುಕೊಂಡ ಮಗುವೂ 0.8 ಅನ್ನೇ ಒತ್ತುತ್ತದೆ. ಉತ್ತರ ಸರಿ, ತಿಳಿವಳಿಕೆ ತಪ್ಪು! ಈ ಮಗುವನ್ನು ಗುರುತಿಸಲು 0.62, 0.4 ಕೇಳಿ, ಅದು 0.4 ಎನ್ನುತ್ತದೆ. ಎರಡೂ ಬಗೆಯಲ್ಲಿ ಮೂರು ಮೂರು ಜೋಡಿ ಇಡಿ. ಬರೀ ಊಹೆಯಿಂದ ಆರೂ ಸರಿಯಾಗುವ ಸಾಧ್ಯತೆ 64ರಲ್ಲಿ 1.

ಒಂದೇ ತಪ್ಪಿಗೆ ದಾರಿ ಬದಲಿಸಬೇಡಿ, ಕೈ ಜಾರಿರಬಹುದು. ಅದೇ ಬಗೆಯ ಇನ್ನೊಂದು ಜೋಡಿ (0.125, 0.7) ಕೊಟ್ಟು ನೋಡಿ, ಅಲ್ಲೂ ತಪ್ಪಿದರೆ ವಿವರಣೆಗೆ ಕಳಿಸಿ. ಮೊದಲ ಬಗೆಯವರಿಗೆ ನೂರು ಚೌಕದ ಚಿತ್ರ: 0.35ಕ್ಕೆ 35 ಚೌಕ, 0.8ಕ್ಕೆ 80 ಚೌಕ ಬಣ್ಣ ತುಂಬಿರಲಿ. ಎರಡನೆಯವರಿಗೆ 0.62 ಅಂದರೆ 6 ಹತ್ತನೆಯ ಭಾಗ, ಅದರ ಮೇಲೆ ಇನ್ನೂ 2 ನೂರನೆಯ ಭಾಗ ಎಂದು ಬಿಡಿಸಿ ತೋರಿಸಿ. ಅಲ್ಲಿಂದ ಹೊಸ ಜೋಡಿಗೆ ಕರೆತನ್ನಿ, ಹಳೆಯ ಪ್ರಶ್ನೆಗಲ್ಲ.

ಪ್ರಶ್ನೆ: ಒಂದು ಕಾರ್ಖಾನೆಗೆ ಮಾಡಿದ ಅಗ್ನಿಸುರಕ್ಷತೆ ಪಾಠವನ್ನು ಇನ್ನೊಂದಕ್ಕೆ ಬಳಸಲು ಹೋದರೆ ಅರ್ಧ ಕೆಲಸ ಮತ್ತೆ ಮಾಡಬೇಕಾಗುತ್ತಿದೆ.
– ತರಬೇತುದಾರ, ಹುಬ್ಬಳ್ಳಿ

ಉತ್ತರ: ಎಲ್ಲ ಕಡೆಯೂ ಒಂದೇ ಆಗಿರುವುದನ್ನೂ ಆಯಾ ಜಾಗಕ್ಕೆ ಸೇರಿದ್ದನ್ನೂ ಬೆರೆಸಿಬಿಟ್ಟಿದ್ದೀರಿ. ಬೆಂಕಿ ಆರಿಸುವ ಸಿಲಿಂಡರ್‌ನ ಪಿನ್ ಎಳೆಯುವುದು, ನಳಿಗೆಯನ್ನು ಬೆಂಕಿಯ ಬುಡಕ್ಕೆ ಹಿಡಿಯುವುದು, ಹಿಡಿ ಒತ್ತಿ ಅತ್ತಿಂದಿತ್ತ ಆಡಿಸುವುದು ಎಲ್ಲಿಯೂ ಅದೇ. ಇದು ಐದಾರು ನಿಮಿಷದ ಒಂದು ತುಣುಕಾಗಲಿ. ಹೊರಹೋಗುವ ದಾರಿ, ಒಟ್ಟುಗೂಡುವ ಜಾಗ, ಫೋನ್ ನಂಬರ್, ಲೋಗೋ ಬೇರೆಯೇ ಪುಟಕ್ಕೆ ಹೋಗಲಿ. ತುಣುಕಿನಲ್ಲಿ 'ಹಿಂದಿನ ಪಾಠದಲ್ಲಿ ನೋಡಿದಂತೆ' ಎಂಬ ಮಾತು ಬೇಡವೇ ಬೇಡ. ಆ ಒಂದು ಸಾಲಿನಿಂದ ಅದನ್ನು ಬಿಡಿಯಾಗಿ ಬಳಸಲಾಗದು. ಚಿತ್ರದೊಳಗೆ ಕನ್ನಡ ಅಕ್ಷರ ಅಚ್ಚು ಹಾಕಬೇಡಿ, ಮೇಲೆ ಪ್ರತ್ಯೇಕವಾಗಿ ಯೂನಿಕೋಡ್‌ನಲ್ಲಿ ಬರೆಯಿರಿ. ಹಿಂದಿ ಮಾತಾಡುವ ಕೆಲಸಗಾರರಿಗೆ ಅನುವಾದಿಸುವಾಗ ಚಿತ್ರ ಮುಟ್ಟಬೇಕಾಗುವುದಿಲ್ಲ.

ಪ್ರಶ್ನೆ: ಸ್ಕಾರ್ಮ್ 1.2 (ಒಂದೇ ಪಾಠ ಬೇರೆ ಬೇರೆ ಕಲಿಕಾ ತಂತ್ರಾಂಶಗಳಲ್ಲಿ ನಡೆಯುವಂತೆ ಮಾಡುವ ಮಾನದಂಡ) ಪಾಠವನ್ನು ಮಧ್ಯದಲ್ಲಿ ನಿಲ್ಲಿಸಿ ಮತ್ತೆ ತೆರೆದರೆ ಕೆಲವರಿಗೆ ಮೊದಲಿನಿಂದ ಶುರುವಾಗುತ್ತದೆ.
– ಓದುಗರು, ಮೈಸೂರು

ಉತ್ತರ: ಎಲ್ಲಿಗೆ ನಿಲ್ಲಿಸಿದರು ಎಂಬುದನ್ನು ಬರೆದಿಡುವ ಜಾಗಕ್ಕೆ 1.2ರಲ್ಲಿ 4096 ಅಕ್ಷರಗಳ ಮಿತಿಯಿದೆ. ಪಾಠದಲ್ಲಿ ಕವಲುದಾರಿಗಳು ಹೆಚ್ಚಾದಂತೆ ಅದು ತುಂಬಿಹೋಗುತ್ತದೆ. ಹೆಚ್ಚು ಪುಟ ಸುತ್ತಿದವರಿಗೇ ಹೀಗಾಗುತ್ತಿದೆಯೇ ನೋಡಿ. ಪೂರ್ತಿ ಉತ್ತರದ ಬದಲು ಚಿಕ್ಕ ಸಂಕೇತ ಉಳಿಸಿ, ಇಲ್ಲವೇ ಸ್ಕಾರ್ಮ್ 2004ರ ಮೂರನೇ ಆವೃತ್ತಿಗೆ ಹೋಗಿ, ಅಲ್ಲಿ ಮಿತಿ 64,000.